ಮೆಂಬ್ರೇನ್ ಬದಲಿಸುವ ಮುನ್ನ ಲಾಗ್‌ಬುಕ್ ತೆರೆಯಿರಿ

ಮಾನ್ಯ ಸಂಪಾದಕರೇ,

ಕಾರು ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಾಮಗಾರಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶಿಸಿದ ಮೇಲೆ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರಿಗೆ ಬೆಲೆ ಬಂತು. ಎಂಬಿಆರ್, ಅಂದರೆ ಜೀವಾಣುಗಳು ಕೊಳೆ ತಿಂದ ನೀರನ್ನು ಸೂಕ್ಷ್ಮ ರಂಧ್ರಗಳ ಪೊರೆಯಿಂದ (ಮೆಂಬ್ರೇನ್) ಹೀರಿ ಸೋಸುವ ಮೆಂಬ್ರೇನ್ ಬಯೋರಿಯಾಕ್ಟರ್ ಇರುವ ಘಟಕದ ನೀರಂತೂ ಕಣ್ಣಿಗೆ ನಲ್ಲಿ ನೀರಿನಷ್ಟೇ ತಿಳಿ. ಅಸೋಸಿಯೇಷನ್‌ಗಳು ಮೋಸ ಹೋಗುತ್ತಿರುವುದೂ ಅಲ್ಲೇ. ನೀರು ತಿಳಿಯಾಗಿದ್ದರೆ ಮೆಂಬ್ರೇನ್ ಹರಿದಿಲ್ಲ ಎಂದಷ್ಟೇ ತಿಳಿಯಬೇಕು. ಘಟಕ ಚೆನ್ನಾಗಿ ನಡೆಯುತ್ತಿದೆ ಎಂದು ಅದರಿಂದ ಹೇಳಲಾಗದು. ಚೆನ್ನಾಗಿ ನೋಡಿಕೊಂಡರೆ ಎಂಟು, ಹತ್ತು ವರ್ಷ ಬಾಳುವ ಮೆಂಬ್ರೇನ್ ಎರಡು-ಮೂರು ವರ್ಷಕ್ಕೇ ಕಟ್ಟಿಕೊಂಡಾಗ ಬೈಗುಳ ತಯಾರಕರಿಗೆ ಬೀಳುತ್ತದೆ, ಖರ್ಚು ನಿವಾಸಿಗಳ ಮೇಲೆ ಬೀಳುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಕೆಟ್ಟಿರುವುದು ದಿನನಿತ್ಯದ ನಿರ್ವಹಣೆ.

200 ಫ್ಲ್ಯಾಟ್‌ಗಳ ಒಂದು ಸಮುಚ್ಚಯವನ್ನೇ ತೆಗೆದುಕೊಳ್ಳೋಣ. ದಿನಕ್ಕೆ ಸುಮಾರು 90,000 ಲೀಟರ್ ಕೊಳಚೆ ನೀರು ಬರುತ್ತದೆ. ಒಂದು ಚದರ ಮೀಟರ್ ಮೆಂಬ್ರೇನ್‌ನಿಂದ ಗಂಟೆಗೆ 15 ಲೀಟರ್ ಹೀರುವುದು ಕ್ಷೇಮದ ಲೆಕ್ಕ. ದಿನಕ್ಕೆ 20 ಗಂಟೆ ಹೀರಿದರೂ 300 ಚದರ ಮೀಟರ್ ಬೇಕು. ಟೆಂಡರ್‌ನಲ್ಲಿ ದರ ಇಳಿಸಲು 200 ಚದರ ಮೀಟರ್ ಹಾಕಿದರೆ ಅಷ್ಟೇ ನೀರಿಗೆ ಗಂಟೆಗೆ 22 ಲೀಟರ್‌ಗೂ ಮೀರಿ ಎಳೆಯಬೇಕಾಗುತ್ತದೆ. ಅಂಥ ಘಟಕವನ್ನು ಯಾವ ಆಪರೇಟರ್ ಬಂದರೂ ನೆಟ್ಟಗೆ ನಡೆಸಲಾರ.

ಇನ್ನು ಸ್ಲಡ್ಜ್, ಅಂದರೆ ಕೊಳೆ ತಿಂದು ಬೆಳೆಯುವ ಜೀವಾಣುಗಳ ರಾಡಿ. ಹೆಚ್ಚಿನ ಘಟಕಗಳು ಹಾಳಾಗುವುದು ಇಲ್ಲೇ. ಟ್ಯಾಂಕಿನ ಜೀವಾಣು ರಾಡಿ ಲೀಟರಿಗೆ 8,000ದಿಂದ 12,000 ಮಿಲಿಗ್ರಾಂ ಇರಬೇಕು. ಏರೇಷನ್ (ಗಾಳಿ ಊದುವ) ಮತ್ತು ಮೆಂಬ್ರೇನ್ ಟ್ಯಾಂಕ್ ಎರಡೂ ಸೇರಿ 45 ಘನ ಮೀಟರ್ ಇದ್ದು, ರಾಡಿಯ ವಯಸ್ಸು, ಅಂದರೆ ಅದು ಟ್ಯಾಂಕಿನಲ್ಲಿ ಉಳಿಯುವ ಸರಾಸರಿ ಅವಧಿ, 25 ದಿನ ಎಂದಿಟ್ಟುಕೊಂಡರೆ ದಿನಕ್ಕೆ 1,800 ಲೀಟರ್ ಸ್ಲಡ್ಜ್ ಹೊರಹಾಕಲೇಬೇಕು. ಸ್ಲಡ್ಜ್ ಹಿಂಡುವ ಫಿಲ್ಟರ್ ಪ್ರೆಸ್ ಕೆಟ್ಟಿದೆ, ಒಯ್ಯುವವರು ಬಂದಿಲ್ಲ ಎಂದು ಒಂದೆರಡು ತಿಂಗಳು ಹಾಗೇ ಬಿಟ್ಟರೆ ರಾಡಿ 15,000 ದಾಟಿ ಗಟ್ಟಿ ರಾಗಿ ಅಂಬಲಿಯ ಹಾಗಾಗುತ್ತದೆ. ಆಮೇಲೆ ಬ್ಲೋವರ್ ಎಷ್ಟು ಗಾಳಿ ಊದಿದರೂ ಆಮ್ಲಜನಕ ಕರಗದು. ಮೆಂಬ್ರೇನ್‌ನ ಟೊಳ್ಳು ಎಳೆಗಳ ನಡುವೆ ಕೆಸರು ಗಂಟು ಕಟ್ಟುತ್ತದೆ. ಒಂದು ಲೀಟರ್ ಜಾಡಿಯಲ್ಲಿ ಅರ್ಧ ಗಂಟೆ ತಳಕ್ಕಿಳಿಸಿ ನೋಡುವ ಹಳೆಯ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು, ಇಷ್ಟು ದಟ್ಟ ರಾಡಿ ಕೆಳಗಿಳಿಯುವುದೇ ಇಲ್ಲ. ಅದರ ಬದಲು 50 ಮಿಲಿಲೀಟರ್ ರಾಡಿಯನ್ನು ಮಡಚಿದ ಫಿಲ್ಟರ್ ಕಾಗದಕ್ಕೆ ಸುರಿದು ಐದು ನಿಮಿಷ ಕಾಯಿರಿ. 10 ಮಿಲಿಲೀಟರ್‌ಗಿಂತ ಹೆಚ್ಚು ನೀರು ಇಳಿದರೆ ಸರಿ. 5ಕ್ಕಿಂತ ಕಡಿಮೆಯಾದರೆ ಮೆಂಬ್ರೇನ್‌ಗೆ ಕಷ್ಟ ಶುರುವಾಗಿದೆ ಎಂದೇ ಅರ್ಥ. ಹತ್ತು ರೂಪಾಯಿಯೂ ಖರ್ಚಿಲ್ಲದ ಈ ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡಲು ಯಾವ ಅಡ್ಡಿಯೂ ಇಲ್ಲ.

ಕೂದಲಿನ ಬಗ್ಗೆಯೂ ಹೇಳಬೇಕು. ಎಳೆ ಮಾದರಿಯ ಮೆಂಬ್ರೇನ್‌ಗೆ 1ರಿಂದ 2 ಮಿಲಿಮೀಟರ್ ಜರಡಿ ಕಡ್ಡಾಯ. 6 ಮಿಲಿಮೀಟರ್ ಕಂಬಿ ಜರಡಿಯೊಂದನ್ನೇ ನೆಚ್ಚಿಕೊಂಡ ಕಡೆ ಮಾಡ್ಯೂಲ್ (ಮೆಂಬ್ರೇನ್ ಎಳೆಗಳ ಕಟ್ಟು) ಎತ್ತಿ ನೋಡಿದರೆ, ಎಳೆಗಳು ಬುಡಕ್ಕೆ ಸೇರುವ ಜಾಗದಲ್ಲಿ ಕೂದಲು, ವೆಟ್ ವೈಪ್ಸ್ ನಾರು, ಜಿಡ್ಡು ಹೊಸೆದುಕೊಂಡು ಹೆಬ್ಬೆರಳು ದಪ್ಪದ ಹಗ್ಗವಾಗಿರುತ್ತವೆ. ಅದನ್ನು ಯಾವ ರಾಸಾಯನಿಕವೂ ಕರಗಿಸದು. ಕೈಯಿಂದ ಬಿಡಿಸಬೇಕು, ಬಿಡಿಸುವಾಗ ಎಳೆ ತುಂಡಾಗುತ್ತದೆ.

ಹೀರುವ ಪಂಪ್‌ನ ಎಳೆತ ತೋರಿಸುವ ನಿರ್ವಾತ ಮಾಪಕವನ್ನು ಓದುವ ಕ್ರಮ ಹಲವು ಕಡೆ ತಪ್ಪಿದೆ. ಸಾಮಾನ್ಯವಾಗಿ ಎಂಟು-ಒಂಬತ್ತು ನಿಮಿಷ ಹೀರುವುದು, ಒಂದೆರಡು ನಿಮಿಷ ಬಿಡುವು. ಬಿಡುವಿನಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆ, ಹೀರುವಾಗ ಎಲ್ಲಿಗೆ ಹೋಗುತ್ತದೆ ಎಂಬ ಎರಡನ್ನೂ ಬರೆದು ವ್ಯತ್ಯಾಸ ತೆಗೆಯಬೇಕು, ಜೊತೆಗೆ ಆಗಿನ ಹರಿವನ್ನೂ ಬರೆಯಬೇಕು. ಹರಿವು ಬರೆಯದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಪಂಪ್‌ನ ವಾಲ್ವ್ ತಿರುಗಿಸಿ ಹರಿವು ಇಳಿಸಿದರೆ ನಿರ್ವಾತ ತಾನಾಗಿಯೇ ಕಡಿಮೆ ತೋರಿಸುತ್ತದೆ. ವ್ಯತ್ಯಾಸ ಪಾದರಸದ 75 ಮಿಲಿಮೀಟರ್ ಒಳಗಿದ್ದರೆ ನೆಮ್ಮದಿ. 150 ಮುಟ್ಟಿದರೆ ತೊಳೆಯಲೇಬೇಕು. 225 ದಾಟಿದ ಮೇಲೂ ಎಳೆದರೆ ಕೆಸರು ರಂಧ್ರದೊಳಕ್ಕೇ ಒತ್ತಿಕೊಳ್ಳುತ್ತದೆ. ವಾರಗಟ್ಟಲೆ ನಿಧಾನವಾಗಿ ಏರಿದರೆ ಅದು ಲೋಳೆ ಅಥವಾ ಸುಣ್ಣದ ಪದರ. ಒಂದೇ ದಿನದಲ್ಲಿ ಜಿಗಿದರೆ ಮೊದಲು ಮೆಂಬ್ರೇನ್‌ನ ಕೆಸರು ಉಜ್ಜಿ ತೆಗೆಯುವ ಗಾಳಿಯನ್ನು ನೋಡಿ: ಟ್ಯಾಂಕಿನ ಒಂದು ಮೂಲೆಯಲ್ಲಿ ಗುಳ್ಳೆ ಏಳದೆ ನೀರು ಸುಮ್ಮನೆ ನಿಂತಿದೆಯೇ? ಅಲ್ಲಿ ಗಾಳಿಕೊಳವೆಯ ತೂತು ಮುಚ್ಚಿದೆ. ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ಆರಿಸಿ ಹೀರುವ ಪಂಪ್ ಮಾತ್ರ ಓಡಿಸುವುದು ದೊಡ್ಡ ತಪ್ಪು. ಬ್ಲೋವರ್ ನಿಂತರೆ ಪಂಪ್ ತಾನಾಗಿ ನಿಲ್ಲುವಂತೆ ಪ್ಯಾನೆಲ್‌ನಲ್ಲೇ ಇಂಟರ್‌ಲಾಕ್ ಇರಬೇಕು.

ತೊಳೆಯುವುದಕ್ಕೆ ಎರಡು ಮದ್ದು. ಲೋಳೆಗೆ ಹೈಪೊ (ಸೋಡಿಯಂ ಹೈಪೋಕ್ಲೋರೈಟ್), ಸುಣ್ಣ-ಕಬ್ಬಿಣಕ್ಕೆ ಸಿಟ್ರಿಕ್ ಆಮ್ಲ. ಕೊಳವೆಬಾವಿ, ಟ್ಯಾಂಕರ್‌ಗಳ ಗಡಸು ನೀರು ಬಳಸುವ ನಮ್ಮ ಊರಿನಲ್ಲಿ ಸಿಟ್ರಿಕ್ ಮರೆತರೆ ಹೈಪೊ ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ವಾರಕ್ಕೊಮ್ಮೆಯ ತೊಳೆತಕ್ಕೆ ಹೈಪೊ 500 ಪಿಪಿಎಂ (ಲೀಟರಿಗೆ 500 ಮಿಲಿಗ್ರಾಂ) ಸಾಕು, ಅಂದರೆ 1,000 ಲೀಟರ್ ನೀರಿಗೆ 10 ಶೇಕಡಾ ಹೈಪೊ 5 ಲೀಟರ್. ಬಿಸಿಯಾದ ಬ್ಲೋವರ್ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಕ್ಯಾನಿನ ಹೈಪೊ ಸತ್ವ ಕಳೆದುಕೊಂಡಿರುತ್ತದೆ. ಪರೀಕ್ಷಿಸಿಯೇ ಅಳತೆ ಹಾಕಿ. ಇನ್ನೊಂದು ಮಾತು ಗೋಡೆಯ ಮೇಲೆ ಬರೆಸುವಂಥದ್ದು: ಹೈಪೊ ಮತ್ತು ಆಮ್ಲ ಒಂದೇ ದಿನ, ಒಂದೇ ಟ್ಯಾಂಕ್, ಒಂದೇ ಪೈಪಿನಲ್ಲಿ ಬೇಡ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಬೇಸ್‌ಮೆಂಟಿನಲ್ಲಿ ಅದು ಜೀವ ತೆಗೆಯುತ್ತದೆ. ನೊರೆ ಬಂತೆಂದು ಸಿಲಿಕೋನ್ ಎಣ್ಣೆಯ ನೊರೆನಾಶಕವನ್ನೂ ಸುರಿಯಬೇಡಿ, ಅದು ಮೆಂಬ್ರೇನ್‌ಗೆ ಅಂಟಿ ಕೂರುತ್ತದೆ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ನಮ್ಮ ಮನವಿ: ಲ್ಯಾಬ್ ವರದಿಯ ಜೊತೆಗೆ ಹರಿವು, ನಿರ್ವಾತದ ವ್ಯತ್ಯಾಸ, ಹೊರಹಾಕಿದ ಸ್ಲಡ್ಜ್, ಈ ಮೂರು ಅಂಕಿಗಳ ತಿಂಗಳ ಲಾಗ್‌ಬುಕ್ ಪುಟವನ್ನೂ ಕೇಳಿ. ಅಸೋಸಿಯೇಷನ್‌ಗಳು ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರಿನಲ್ಲೇ ಇದನ್ನು ಬರೆಸಿಕೊಳ್ಳಲಿ.

ನಕ್ಷೆಗೆ ಒಪ್ಪಿಗೆ ಕೊಡುವವರಿಗೂ ಒಂದು ಕೋರಿಕೆ. ಹಲವು ಮಾಡ್ಯೂಲ್‌ಗಳು ಎರಡು ಮೀಟರ್‌ಗೂ ಮೀರಿ ಎತ್ತರ ಇರುತ್ತವೆ. ಎಷ್ಟೋ ಬೇಸ್‌ಮೆಂಟ್‌ಗಳಲ್ಲಿ ಟ್ಯಾಂಕಿನ ನೆತ್ತಿಯ ಮೇಲೇ ಬೀಮ್ ಹಾದಿದೆ. ಚೈನ್ ಬ್ಲಾಕ್ ತೂಗುಹಾಕಲು ಕೊಂಡಿಯಿಲ್ಲ, ಎತ್ತಿದರೂ ಹೊರಬರಲು ಜಾಗವಿಲ್ಲ. ಹಾಗಾಗಿ ತೊಳೆಯಲು ಮನುಷ್ಯರನ್ನೇ ಒಳಗಿಳಿಸುತ್ತಾರೆ. ಚರಂಡಿ, ಸೆಪ್ಟಿಕ್ ಟ್ಯಾಂಕ್‌ಗಳಿಗೆ ಸುರಕ್ಷತಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ. ಕೊಳೆತ ರಾಡಿಯ ತಳದಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಎಸ್‌ಟಿಪಿ ಟ್ಯಾಂಕಿನಲ್ಲೂ ಅಷ್ಟೇ ವಿಷ. ಟ್ಯಾಂಕಿನ ಮೇಲೆ ಮಾಡ್ಯೂಲ್ ಪೂರ್ತಿ ಹೊರಬರುವಷ್ಟು ಎತ್ತರ ಮತ್ತು ಛಾವಣಿಯಲ್ಲಿ ಭಾರ ತಡೆಯುವ ಕೊಂಡಿ ಇವೆಯೇ ಎಂಬುದನ್ನು ಕಾಂಕ್ರೀಟ್ ಬೀಳುವ ಮೊದಲೇ ನೋಡಿ.

– ಎಸ್‌ಟಿಪಿ ನಿರ್ವಹಣೆಯ ಎಂಜಿನಿಯರ್‌ಗಳು, ಬೆಂಗಳೂರು