ಅಗ್ಗದ ಮನೆಯ ಲೆಕ್ಕದಲ್ಲಿ ಬಿಟ್ಟುಹೋದ ಸಾಲುಗಳು

ಮಾನ್ಯ ಸಂಪಾದಕರೇ,

ಕ್ಯಾಲಿಫೋರ್ನಿಯಾದ ಬೇ ಏರಿಯಾ (ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳು) ತೊರೆದು ಅಮೆರಿಕದ ಮಿಡ್‌ವೆಸ್ಟ್ ಭಾಗದ ಊರುಗಳಲ್ಲಿ ನೆಲೆಸುತ್ತಿರುವ ಕನ್ನಡಿಗ ಕುಟುಂಬಗಳ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ಬೇ ಏರಿಯಾದ ಸನ್ನಿವೇಲ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದು, 2018ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್ ಪಕ್ಕದ ಡಬ್ಲಿನ್‌ಗೆ ಬಂದು ಮನೆ ಕೊಂಡವಳು ನಾನು. ಹೀಗೆ ಬಂದದ್ದಕ್ಕೆ ನಮಗೆ ಬೇಸರವಿಲ್ಲ, ಲೇಖನದ ಒಟ್ಟು ಧಾಟಿಯ ಬಗ್ಗೆ ತಕರಾರೂ ಇಲ್ಲ. ಆದರೆ ಅದರಲ್ಲಿದ್ದ ಲೆಕ್ಕ ಮನೆಯ ಬೆಲೆಯಿಂದ ಶುರುವಾಗಿ ಮನೆಯ ಬೆಲೆಯಲ್ಲೇ ಮುಗಿದುಹೋಗಿದೆ. ಊರಿನಲ್ಲಿದ್ದುಕೊಂಡು ಮಕ್ಕಳಿಗೆ ಬುದ್ಧಿ ಹೇಳುವ ಹಿರಿಯರೂ, ಇಲ್ಲಿ ಗಂಟುಮೂಟೆ ಕಟ್ಟುವ ಯೋಚನೆಯಲ್ಲಿರುವ ದಂಪತಿಗಳೂ ತಮ್ಮ ಓದುಗರಾಗಿರುವುದರಿಂದ ಉಳಿದ ಲೆಕ್ಕವನ್ನು ಬರೆಯಬೇಕೆನಿಸಿತು.

ಮೊದಲಿಗೆ, ಲೇಖನ ಸರಿಯಾಗಿಯೇ ಹೇಳಿದ ಸಂಗತಿ. 2024ರ ನಡುವಿನಲ್ಲಿ ಬೇ ಏರಿಯಾದ ಸ್ಯಾನ್ ಹೋಸೆ ಮಹಾನಗರ ವಲಯದಲ್ಲಿ ಒಂಟಿ ಮನೆಗಳ, ಅಂದರೆ ಒಂದೇ ಕುಟುಂಬಕ್ಕೆಂದು ಪ್ರತ್ಯೇಕವಾಗಿ ಕಟ್ಟಿದ ಮನೆಗಳ, ಮಧ್ಯಮ ಬೆಲೆ (ಅರ್ಧದಷ್ಟು ಮನೆಗಳು ಇದಕ್ಕಿಂತ ದುಬಾರಿ, ಇನ್ನರ್ಧ ಅಗ್ಗ) 20 ಲಕ್ಷ ಡಾಲರ್ ದಾಟಿತು. ಅಂಥ ಮನೆಗೆ ಶೇ 20ರಷ್ಟು ಮುಂಗಡ ಕಟ್ಟುವುದೆಂದರೆ 4 ಲಕ್ಷ ಡಾಲರ್; ಅಷ್ಟೇ ಹಣದಲ್ಲಿ ಕೊಲಂಬಸ್ ಸುತ್ತಮುತ್ತ ಒಂದು ಸಾಧಾರಣ ಮನೆಯನ್ನು ಸಾಲವಿಲ್ಲದೆ ಕೊಳ್ಳಬಹುದು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ಆದರೆ ಇದಕ್ಕೆ ಮಿಡ್‌ವೆಸ್ಟ್ ಜನರ ಸರಳತೆ ಕಾರಣವೆಂಬಂತೆ ಲೇಖಕರು ಬರೆದಿರುವುದು ಸರಿಯಲ್ಲ. ಬೇ ಏರಿಯಾದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ. ನಡುವೆ ಉಳಿದ ನೆಲದ ಬಹುಪಾಲಿನಲ್ಲಿ ಒಂಟಿ ಮನೆಯನ್ನಲ್ಲದೆ ಬೇರೇನನ್ನೂ ಕಟ್ಟಲು ಬಿಡದ ವಲಯ ನಿಯಮಗಳು ದಶಕಗಳ ಕಾಲ ಜಾರಿಯಲ್ಲಿದ್ದವು. ಕೊಲಂಬಸ್ ಸುತ್ತ ಇರುವುದು ಜೋಳ ಮತ್ತು ಸೋಯಾ ಬೆಳೆಯುವ ಚಪ್ಪಟೆ ಹೊಲ. 1950ರ ದಶಕದಲ್ಲಿ ಮೇಯರ್ ಆಗಿದ್ದ ಸೆನ್ಸೆನ್‌ಬ್ರೆನರ್ ಅವರು, ನೀರು ಮತ್ತು ಒಳಚರಂಡಿಯ ಸೌಲಭ್ಯ ಬೇಕೆಂದರೆ ನಗರದೊಳಕ್ಕೆ ಸೇರಿರಿ ಎಂದು ಸುತ್ತಲಿನ ಪ್ರದೇಶಗಳಿಗೆ ಷರತ್ತು ಹಾಕಿ ಊರನ್ನು ಹಿಗ್ಗಿಸುತ್ತಾ ಹೋದರು. ಅದೇ ರಾಜ್ಯದ ಕ್ಲೀವ್‌ಲ್ಯಾಂಡ್‌ನ ಕಥೆ ಬೇರೆ. 1950ರಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಆ ನಗರದಲ್ಲಿ 2020ರ ಜನಗಣತಿಯ ವೇಳೆಗೆ ಉಳಿದವರು 3.72 ಲಕ್ಷ. ಅಲ್ಲಿ ಮನೆ ಅಗ್ಗವಾಗಿರುವುದು ಜನ ಊರು ಬಿಟ್ಟದ್ದರಿಂದ, ಕೊಲಂಬಸ್‌ನಲ್ಲಿ ಅಗ್ಗವಾಗಿರುವುದು ಕಟ್ಟಲು ಜಾಗ ಇದ್ದದ್ದರಿಂದ. ಕೊಂಡ ಮನೆಯನ್ನು ಹತ್ತು ವರ್ಷದ ನಂತರ ಮಾರಬೇಕಾಗಿ ಬಂದರೆ ಈ ಎರಡೂ ಒಂದೇ ಆಗಿರುವುದಿಲ್ಲ. ಲೇಖನದ ಕೋಷ್ಟಕ ಮಾತ್ರ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ.

ತೆರಿಗೆಯ ವಿಷಯದಲ್ಲಿ ಲೇಖನ ರಾಜ್ಯದ ಆದಾಯ ತೆರಿಗೆಯನ್ನಷ್ಟೇ ಹೋಲಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಸಂಬಳದ ಮೇಲುಭಾಗಕ್ಕೆ ಶೇ 9.3 ತೆರಬೇಕಾಗುತ್ತದೆ, ಒಹಾಯೊದಲ್ಲಿ 2026ರಿಂದ ಶೇ 2.75ರ ಒಂದೇ ದರ, ಇಷ್ಟು ನಿಜ. ಆದರೆ ಕ್ಯಾಲಿಫೋರ್ನಿಯಾದ ನಗರಗಳು ಸಂಬಳದ ಮೇಲೆ ಕೈ ಹಾಕುವುದಿಲ್ಲ, ಒಹಾಯೊದ ನಗರಗಳು ಹಾಕುತ್ತವೆ. ಕೊಲಂಬಸ್‌ನಲ್ಲಿ ಕೆಲಸ ಮಾಡುವವರ ಸಂಬಳದಿಂದ ಶೇ 2.5 ನಗರಕ್ಕೆ ಹೋಗುತ್ತದೆ, ಅದೂ ನಿವೃತ್ತಿಗೆಂದು 401(ಕೆ) ಖಾತೆಗೆ ಕಟ್ಟಿದ ಮೊತ್ತವನ್ನು ಸೇರಿಸಿಕೊಂಡು. ಆಸ್ತಿ ತೆರಿಗೆಯ ದರವೂ ನಮ್ಮ ಕಡೆಯ ಉಪನಗರಗಳಲ್ಲಿ ಶೇ 2ರ ಆಸುಪಾಸಿನಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಮತದಾರರು 1978ರಲ್ಲಿ ಒಪ್ಪಿದ 13ನೇ ಪ್ರಸ್ತಾವದ ಪ್ರಕಾರ ತೆರಿಗೆಗೆ ಆಧಾರವಾದ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಇಲ್ಲಿ ಮೂರು ವರ್ಷಕ್ಕೊಮ್ಮೆ ಮೌಲ್ಯವನ್ನು ಮಾರುಕಟ್ಟೆಗೆ ತಕ್ಕಂತೆ ಪರಿಷ್ಕರಿಸುತ್ತಾರೆ. ಇಷ್ಟೆಲ್ಲಾ ಕಳೆದ ಮೇಲೂ ಹೆಚ್ಚಿನವರಿಗೆ ಒಹಾಯೊದಲ್ಲಿ ಉಳಿತಾಯವೇ ಆಗುತ್ತದೆ, ಆದರೆ ಲೇಖನ ಆಸೆ ಹುಟ್ಟಿಸಿದಷ್ಟು ಅಲ್ಲ.

ಇನ್ನು ಲೇಖನ ಮುಟ್ಟದೇ ಹೋದ ವಿಷಯ ಎಂದರೆ, ಇದ್ದ ಕೆಲಸ ಹೋದರೆ ಸಿಗಬೇಕಾದ ಎರಡನೆಯ ಕೆಲಸ. ಸನ್ನಿವೇಲ್‌ನಲ್ಲಿ ನೌಕರಿ ಕಳೆದುಕೊಂಡ ಎಂಜಿನಿಯರ್ ಮುಂದಿನ ವಾರ ಅದೇ ರಸ್ತೆಯ ಬೇರೆ ಕಟ್ಟಡದಲ್ಲಿ ಸಂದರ್ಶನಕ್ಕೆ ಕೂರಬಹುದು; ಮನೆ ಬದಲಾಗುವುದಿಲ್ಲ, ಮಕ್ಕಳ ಶಾಲೆ ಬದಲಾಗುವುದಿಲ್ಲ. ಕೊಲಂಬಸ್‌ನಲ್ಲಿ ಕೆಲಸಗಳಿಲ್ಲವೆಂದಲ್ಲ. ಜೆಪಿ ಮೋರ್ಗನ್ ಚೇಸ್, ಹಂಟಿಂಗ್ಟನ್ ಬ್ಯಾಂಕ್, ನೇಷನ್‌ವೈಡ್ ವಿಮೆ, ಡಬ್ಲಿನ್‌ನ ಕಾರ್ಡಿನಲ್ ಹೆಲ್ತ್, ಮೇರಿಸ್‌ವಿಲ್‌ನ ಹೋಂಡಾ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ, ಜೊತೆಗೆ ರಾಜ್ಯ ಸರ್ಕಾರದ ಗುತ್ತಿಗೆಗಳು – ಬ್ಯಾಂಕಿಂಗ್ ಅಥವಾ ವಿಮೆಯ ತಂತ್ರಾಂಶ ಬಲ್ಲವರಿಗೆ ಇಷ್ಟು ಧಾರಾಳ. ಚಿಪ್ ವಿನ್ಯಾಸದಂತಹ ಕಿರಿದಾದ ಪರಿಣತಿ ಇರುವವರಿಗೆ ಮಾತ್ರ ಇದ್ದ ಕೆಲಸ ಹೋದರೆ ಇಲ್ಲಿ ಬಾಗಿಲುಗಳು ಬೆರಳೆಣಿಕೆಯಷ್ಟು. ನೌಕರಿಗೆ ಅಂಟಿಕೊಂಡ ಎಚ್-1ಬಿ ವೀಸಾದಲ್ಲಿರುವವರಿಗೆ ಇದು ಅನಾನುಕೂಲದ ಮಾತಾಗಿ ಉಳಿಯುವುದಿಲ್ಲ, ಏಕೆಂದರೆ ಕೆಲಸ ಹೋದ ಮೇಲೆ ಹೊಸ ಮಾಲೀಕರನ್ನು ಹುಡುಕಿಕೊಳ್ಳಲು ಅವರಿಗೆ ಸಿಗುವುದು ಗರಿಷ್ಠ 60 ದಿನ. ಅಷ್ಟರೊಳಗೆ ಡಲ್ಲಾಸ್‌ಗೋ ಸಿಯಾಟಲ್‌ಗೋ ಹೊರಡಬೇಕಾಗಿ ಬಂದರೆ, ಅಗ್ಗವಾಗಿ ಸಿಕ್ಕಿತೆಂದು ಸಂಭ್ರಮಪಟ್ಟು ಕೊಂಡ ಮನೆಯೇ ಕಾಲಿಗೆ ಕಟ್ಟಿದ ಕಲ್ಲಾಗುತ್ತದೆ.

ವೀಸಾದ ತೊಡಕು ಹೊರಡುವ ಮೊದಲೇ ಶುರುವಾಗುತ್ತದೆ. ಎಚ್-1ಬಿ ನೌಕರರು ಒಂದು ಮಹಾನಗರ ವಲಯದಿಂದ ಇನ್ನೊಂದಕ್ಕೆ ಕೆಲಸದ ಸ್ಥಳ ಬದಲಿಸುವುದಾದರೆ, ಕಂಪನಿ ಅದೇ ಆಗಿದ್ದರೂ, ತಿದ್ದುಪಡಿ ಅರ್ಜಿಯನ್ನು ಮುಂಚಿತವಾಗಿ ಸಲ್ಲಿಸಿರಬೇಕು ಎಂಬುದು ವಲಸೆ ಇಲಾಖೆಯ 2015ರ ತೀರ್ಪಿನಿಂದ ಸ್ಪಷ್ಟವಾಗಿದೆ. ಮನೆಯಿಂದಲೇ ಕೆಲಸ ಮಾಡುವವರಿಗೂ ಇದು ಅನ್ವಯಿಸುತ್ತದೆ, ಏಕೆಂದರೆ ಅವರ ಪಾಲಿಗೆ ಕೆಲಸದ ಸ್ಥಳವೆಂದರೆ ಆ ಮನೆಯೇ. ಗ್ರೀನ್ ಕಾರ್ಡಿನ ಮೊದಲ ಹಂತವಾದ ಪರ್ಮ್ ಪ್ರಮಾಣಪತ್ರವೂ ಸ್ಥಳಕ್ಕೆ ಅಂಟಿಕೊಂಡೇ ಇರುತ್ತದೆ; ಕೊನೆಯ ಹಂತದ ಅರ್ಜಿ ಹಾಕುವ ಸರದಿ ಇನ್ನೂ ಬಾರದವರು ಊರು ಬದಲಿಸಿದರೆ ಸಾಮಾನ್ಯವಾಗಿ ಅದನ್ನು ಹೊಸದಾಗಿ ಮಾಡಿಸಬೇಕು. ಎರಡನೆಯ ಹಂತವಾದ, ಕಂಪನಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿದ್ದರೆ ಸರದಿಯ ದಿನಾಂಕ ಉಳಿಯುತ್ತದೆ ಎಂಬುದೊಂದೇ ಸಮಾಧಾನ. ಭಾರತೀಯರ ಸರದಿ ಹತ್ತು ವರ್ಷಕ್ಕೂ ಮೀರಿ ಎಳೆಯುತ್ತಿರುವ ಈ ದಿನಗಳಲ್ಲಿ, ಲೇಖನದಲ್ಲಿ ಬರುವ ‘ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟುಬಿಟ್ಟ’ ದಂಪತಿಗಳು ಪೌರತ್ವ ಪಡೆದವರೋ ಅಲ್ಲವೋ ಎಂಬುದನ್ನಾದರೂ ಲೇಖಕರು ಕೇಳಿ ತಿಳಿಸಬೇಕಿತ್ತು.

ಸಂಬಳವೂ ಜೊತೆಯಲ್ಲೇ ಬರುತ್ತದೆ ಎಂದು ಬರೆದಿರುವುದನ್ನೂ ಒಪ್ಪಲಾಗದು. ದೂರದಿಂದ ಕೆಲಸ ಮಾಡುವವರ ಸಂಬಳವನ್ನು ಅವರು ವಾಸಿಸುವ ಊರಿಗೆ ತಕ್ಕಂತೆ ಹೊಂದಿಸುವುದಾಗಿ ಫೇಸ್‌ಬುಕ್ 2020ರಲ್ಲೇ ಬಹಿರಂಗವಾಗಿ ಹೇಳಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕಚೇರಿಗೆ ಮರಳಿ ಬನ್ನಿ ಎಂಬ ಆದೇಶಗಳಿಂದ; ಅಮೆಜಾನ್ 2025ರ ಜನವರಿಯಿಂದ ವಾರಕ್ಕೆ ಐದು ದಿನವೂ ಕಚೇರಿಗೆ ಬರಬೇಕೆಂದಿತು. ನಮ್ಮ ಪರಿಚಯದ, ಮಂಡ್ಯ ಕಡೆಯ ಒಬ್ಬರು ದೂರದ ಕೆಲಸವನ್ನು ನೆಚ್ಚಿಕೊಂಡು 2021ರಲ್ಲಿ ಇಲ್ಲಿ ಮನೆ ಕೊಂಡರು. ಶೇ 3ರ ಬಡ್ಡಿಯ ಸಾಲ, ನಾಲ್ಕು ಮಲಗುವ ಕೋಣೆ, ಹಿತ್ತಲಿನಲ್ಲಿ ಮೇಪಲ್ ಮರ. ಕಂಪನಿ ವಾಪಸು ಕರೆದಾಗ ಹೆಂಡತಿ-ಮಕ್ಕಳನ್ನು ಇಲ್ಲೇ ಬಿಟ್ಟು ಬೇ ಏರಿಯಾದ ಸಾಂಟಾ ಕ್ಲಾರಾದಲ್ಲಿ ಯಾರದೋ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಬಿಡುವಾದಾಗ ವಿಮಾನ ಹತ್ತಿ ಬರುತ್ತಾರೆ, ಭಾನುವಾರ ಸಂಜೆ ಚಪಾತಿ-ಪಲ್ಯದ ಡಬ್ಬಿಗಳೊಂದಿಗೆ ಹಿಂದಿರುಗುತ್ತಾರೆ. ಮನೆ ಮಾರಿ ಎಲ್ಲರೂ ಹೋಗಬಾರದೇ ಎಂದರೆ, 2023ರ ಅಕ್ಟೋಬರ್‌ನಲ್ಲಿ ಶೇ 8ರ ಹತ್ತಿರಕ್ಕೆ ಹೋಗಿ ಬಂದ ಬಡ್ಡಿ ದರ ಇನ್ನೆಂದೂ 3ಕ್ಕೆ ಇಳಿಯಲಾರದು ಎಂಬ ಭಯ. ಅಗ್ಗದ ಊರಿಗೆ ಬಂದವರು ಈಗ ಎರಡು ಊರುಗಳಲ್ಲಿ ಮನೆವೆಚ್ಚ ನಡೆಸುತ್ತಿದ್ದಾರೆ.

ಮನೆ ಮಾರಾಟದ ಜಾಹೀರಾತುಗಳಲ್ಲಿ ಈಗಲೂ ಕಾಣುವ ಇಂಟೆಲ್ ಹೆಸರಿನ ಬಗ್ಗೆಯೂ ಒಂದು ಮಾತು. 2022ರ ಜನವರಿಯಲ್ಲಿ ಕೊಲಂಬಸ್ ಪಕ್ಕದ ಲಿಕಿಂಗ್ ಕೌಂಟಿಯಲ್ಲಿ 2,000 ಕೋಟಿ ಡಾಲರ್ ವೆಚ್ಚದಲ್ಲಿ ಎರಡು ಚಿಪ್ ಕಾರ್ಖಾನೆಗಳನ್ನು ಕಟ್ಟುವುದಾಗಿ ಕಂಪನಿ ಪ್ರಕಟಿಸಿದಾಗ 2025ಕ್ಕೆ ಉತ್ಪಾದನೆ ಎನ್ನಲಾಗಿತ್ತು. ಅದೀಗ 2030-31ಕ್ಕೆ ಸರಿದಿದೆ. ನ್ಯೂ ಆಲ್ಬನಿಯ ಸುತ್ತ ಎದ್ದಿರುವ ದತ್ತಾಂಶ ಕೇಂದ್ರಗಳನ್ನು ನೋಡಿ ಉದ್ಯೋಗದ ಕನಸು ಕಾಣುವವರೂ ಇದ್ದಾರೆ. ಆ ಕಟ್ಟಡಗಳು ವಿದ್ಯುತ್ತನ್ನು ಬೇಡುವಷ್ಟು ಜನರನ್ನು ಬೇಡುವುದಿಲ್ಲ.

ಲೇಖನ ಚಳಿಯ ಬಗ್ಗೆ ಒಂದೂವರೆ ಸಾಲು ಬರೆದಿದೆ. ಚಳಿಗೆ ಒಳ್ಳೆಯ ಕೋಟು ಸಿಗುತ್ತದೆ, ಅದು ದೊಡ್ಡ ಸಂಗತಿಯೇನಲ್ಲ. ನೆಲದಡಿಯಿಂದ ಏಳುವ, ವಿಕಿರಣ ಸೂಸುವ ರೇಡಾನ್ ಅನಿಲವನ್ನು ಹೊರಹಾಕಲು ಕೊಳವೆ ಮತ್ತು ಫ್ಯಾನು, ನೆಲಮಾಳಿಗೆಗೆ ನೀರು ನುಗ್ಗದಂತೆ ಪಂಪು, ಹಿಮದ ರಸ್ತೆಗೆ ಸುರಿಯುವ ಉಪ್ಪಿನಿಂದ ಕಾರಿನ ತಳ ತುಕ್ಕು ಹಿಡಿಯದಂತೆ ತೊಳೆಯುವುದು – ಇಂಥವೂ ರೂಢಿಯಾಗುತ್ತವೆ. ಸುಂಟರಗಾಳಿಯ ಎಚ್ಚರಿಕೆಯ ಸೈರನ್ನನ್ನು ನಮ್ಮ ಫ್ರಾಂಕ್ಲಿನ್ ಕೌಂಟಿಯಲ್ಲಿ ಪ್ರತಿ ಬುಧವಾರ ಮಧ್ಯಾಹ್ನ 12ಕ್ಕೆ ಪರೀಕ್ಷೆಗಾಗಿ ಕೂಗಿಸುತ್ತಾರೆ. ಮೊದಲ ಬಾರಿ ಕೇಳಿದಾಗ ನಮ್ಮ ಅತ್ತೆಯವರು ಒಲೆ ಆರಿಸಿ, ಪಾಸ್‌ಪೋರ್ಟಿನ ಚೀಲ ಹಿಡಿದು ನೆಲಮಾಳಿಗೆಗೆ ಇಳಿದು ಕುಳಿತಿದ್ದರು. ಈಗ ಅದನ್ನು ಕೇಳಿ ಅನ್ನಕ್ಕೆ ಇಡುತ್ತಾರೆ.

ನಿಜವಾಗಿ ಕಷ್ಟವಾಗುವುದು ಹೀಗೆ ಬಂದು ಉಳಿಯುವ ಹಿರಿಯರಿಗೆ. ಸನ್ನಿವೇಲ್ ಅಥವಾ ಫ್ರೀಮಾಂಟ್‌ನ ಪಾರ್ಕುಗಳಲ್ಲಿ ಸಂಜೆಯ ಹೊತ್ತು ಕನ್ನಡ, ತೆಲುಗು, ತಮಿಳು ಕೇಳಿಬರುತ್ತದೆ; ಯಾರನ್ನೂ ಕಾಯದೆ ನಡೆದುಹೋಗಿ ತಮ್ಮ ವಯಸ್ಸಿನವರೊಡನೆ ಕುಳಿತು ಬರಬಹುದು. ಇಲ್ಲಿ ದೇವಸ್ಥಾನ ಪೊವೆಲ್‌ನಲ್ಲಿದೆ, ದಿನಸಿ ಅಂಗಡಿ ಇನ್ನೊಂದು ದಿಕ್ಕಿನಲ್ಲಿದೆ, ಎರಡಕ್ಕೂ ಕಾರೇ ಬೇಕು. ಕೊಲಂಬಸ್‌ಗೆ 1979ರಿಂದ ಪ್ರಯಾಣಿಕರ ರೈಲೇ ಇಲ್ಲ. ಬಸ್ಸಿಗೆ ಪ್ರತ್ಯೇಕ ಪಥಗಳನ್ನು ನಿರ್ಮಿಸುವ ಯೋಜನೆಗೆ 2024ರ ನವೆಂಬರ್‌ನಲ್ಲಿ ಮತದಾರರು ಒಪ್ಪಿಗೆ ಕೊಟ್ಟಿದ್ದಾರೆ, ಅದು ನಮ್ಮ ಬಡಾವಣೆಯ ಬಾಗಿಲಿಗೆ ಬರುವ ಸೂಚನೆಯಿಲ್ಲ. ಆದ್ದರಿಂದ ನಮ್ಮವರು ತಂದೆ-ತಾಯಿಯನ್ನು ಏಪ್ರಿಲ್ ಬಳಿಕ ಕರೆಸಿ ಅಕ್ಟೋಬರ್‌ನಲ್ಲಿ ಕಳಿಸುತ್ತಾರೆ. ಆ ತಿಂಗಳುಗಳಲ್ಲೂ ಹಿರಿಯರು ವಾರಾಂತ್ಯ ಬರಲೆಂದು ಕಿಟಕಿಯ ಬಳಿ ಕಾಯುತ್ತಾರೆ.

ನಾವು ಬಂದದ್ದರಿಂದ ಇಲ್ಲಿದ್ದವರಿಗೆ ಏನಾಯಿತು ಎಂಬುದನ್ನೂ ಯಾರಾದರೂ ಬರೆಯಬೇಕು. 2023ರ ಮರುಮೌಲ್ಯಮಾಪನದಲ್ಲಿ ಫ್ರಾಂಕ್ಲಿನ್ ಕೌಂಟಿಯ ವಾಸದ ಮನೆಗಳ ಮೌಲ್ಯ ಸರಾಸರಿ ಶೇ 41 ಏರಿತು. ತೆರಿಗೆ ಅಷ್ಟೇ ಪ್ರಮಾಣದಲ್ಲಿ ಏರದಂತೆ 1976ರ ಒಂದು ಕಾನೂನು ತಡೆಯುತ್ತದೆಯಾದರೂ, ಪಿಂಚಣಿಯಲ್ಲಿ ಬದುಕುವ ನಮ್ಮ ಬೀದಿಯ ನಿವೃತ್ತ ಶಿಕ್ಷಕಿಗೆ ಬಂದ ಬಿಲ್ಲು ಹಗುರವಾಗಿರಲಿಲ್ಲ. ಬೆಲೆ ಏರಿಕೆಗೆ ಹೊರಗಿನಿಂದ ಬಂದವರೊಬ್ಬರೇ ಕಾರಣರಲ್ಲ. ಬೇಕಾದಷ್ಟು ಮನೆಗಳನ್ನು ಇಲ್ಲಿಯೂ ಕಟ್ಟುತ್ತಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರಿದ ಹಣ ಹಿಡಿದು ಬಂದು ಕೇಳಿದ ಬೆಲೆಗಿಂತ ಹೆಚ್ಚು ಕೊಟ್ಟವರಲ್ಲಿ ನಮ್ಮವರೂ ಇದ್ದರು.

ಇಂಥ ಲೇಖನವನ್ನು ಮತ್ತೊಮ್ಮೆ ಪ್ರಕಟಿಸುವುದಾದರೆ, ಮನೆಯ ಬೆಲೆಯ ಕೋಷ್ಟಕದಲ್ಲಿ ಇನ್ನೆರಡು ಅಂಕಣಗಳಿಗೆ ಜಾಗ ಮಾಡಿಕೊಡಬೇಕೆಂದು ಕೋರುತ್ತೇನೆ: ಆ ಊರಿನಲ್ಲಿ ಅದೇ ಕೆಲಸ ಕೊಡಬಲ್ಲ ಕಂಪನಿಗಳು ಎಷ್ಟು, ಮಾತನಾಡಿಸಿದ ಕುಟುಂಬದ ವೀಸಾ ಸ್ಥಿತಿ ಏನು. ಬಂದು ನೆಲೆಸಿದವರ ಜೊತೆಗೆ, ಬಂದು ಹಿಂದಿರುಗಿದವರನ್ನೂ ಮಾತನಾಡಿಸಿದರೆ ಒಳಿತು. ಅವರು ಈಗ ಬೇ ಏರಿಯಾದಲ್ಲೇ ಸಿಗುತ್ತಾರೆ.

ಇತಿ,
ತಮ್ಮ ಓದುಗಾರ್ತಿ
ಡಬ್ಲಿನ್, ಒಹಾಯೊ