ಅಟ್ಟದ ಮೇಲಿನ ಕಾಯಿ

ತಿಪಟೂರು

ಚಿ. ಸೌ. ಪುಟ್ಟಿಗೆ, ತಾತನ ಆಶೀರ್ವಾದಗಳು.

ಮೊನ್ನೆ ನೀನು ಫೋನಿನಲ್ಲಿ ಅತ್ತಿದ್ದು ಕೇಳಿದ ಮೇಲೆ ಊಟ ಸೇರುತ್ತಿಲ್ಲ. "ಅಜ್ಜಿ ಮನೆನೂ ಕೊಬ್ಬರಿ ಮಂಡಿ ವ್ಯಾಪಾರನೂ ಹೆಂಗೆ ತೂಗಿಸಿದ್ರು ತಾತ? ನಂಗೆ ಒಂದು ಮಗು, ಒಂದು ಎಣ್ಣೆ ಗಾಣಕ್ಕೇ ಸಾಕಾಗಿದೆ" ಅಂದೆ. ನನಗೆ ಫೋನಿನಲ್ಲಿ ಮಾತು ಬರೋದಿಲ್ಲ. ಅದಕ್ಕೇ ಈ ಕಾಗದ.

ನಿಮ್ಮಜ್ಜಿ, ಅಂದರೆ ನಮ್ಮಕ್ಕ, ತೂಗಿಸಲಿಲ್ಲ, ಪುಟ್ಟಿ. ಆ ಕಥೆ ಅವಳ ತಿಥಿ ಊಟಕ್ಕೆ ಬಂದವರು ಕಟ್ಟಿದ್ದು. 38 ವರ್ಷ ಅವಳ ಲೆಕ್ಕ ಬರೆದವನು ನಾನು. ನಿಮ್ಮಪ್ಪನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ ಅವಳು ಲಾರಿ ಲೋಡಿಗೆ ನಿಂತಿದ್ದಳು. ನಿಮ್ಮತ್ತೆಗೆ ಟೈಫಾಯ್ಡ್ ಬಂದಾಗ 9 ದಿನ ಮಂಡಿ ಬಾಗಿಲು ತೆಗೆಯಲಿಲ್ಲ, ದೆಹಲಿ ಕಡೆಯ ಒಂದು ಒಳ್ಳೆ ಗಿರಾಕಿ ಕೈತಪ್ಪಿತು. ದಿನಾ ಒಂದಲ್ಲ ಒಂದು ಕಡೆ ಕಳೆದುಕೊಳ್ಳುತ್ತಲೇ ಇದ್ದಳು. ರಾತ್ರಿ ಅಳುತ್ತಲೂ ಇದ್ದಳು. ಅದು ನಿನಗೆ ಯಾರೂ ಹೇಳಿಲ್ಲ, ಅಲ್ವಾ?

ಇನ್ನೊಂದೂ ಹೇಳಿರಲಾರರು. 1986ರಲ್ಲಿ ಭಾವ ತೀರಿಕೊಂಡಾಗ "ಮಂಡಿ ಮುಚ್ಚು, ತೋಟದ ಆದಾಯ ಸಾಕು" ಅಂದವನು ನಾನೇ. ಅವಳಿಗಾಗ 31. ಎಪಿಎಂಸಿ ಮಾರುಕಟ್ಟೆ ಯಾರ್ಡಿನಲ್ಲಿ ಅಷ್ಟು ಗಂಡಸರ ನಡುವೆ ನಮ್ಮಕ್ಕ ಹೋಗಿ ನಿಲ್ಲೋದಾ ಅಂತ ನನಗೆ ನಾಚಿಕೆ. ಅವಳು ವಾದ ಮಾಡಲಿಲ್ಲ. ಮಾರನೇ ದಿನ ಲೆಕ್ಕದ ಪುಸ್ತಕ ತಂದು ನನ್ನ ಮುಂದಿಟ್ಟಳು. "ನಾಚಿಕೆ ಆದ್ರೆ ನೀನು ಒಳಗೆ ಕೂತು ಬರಿ. ನಾನು ಹೊರಗೆ ಹೋಗಿ ಬರ್ತೀನಿ" ಅಂದಳು. ಅವತ್ತು ಕೂತವನು ಎದ್ದೇ ಇಲ್ಲ.

ನಿನಗೆ ಗೊತ್ತಲ್ಲ, ನಮ್ಮ ಉಂಡೆ ಕೊಬ್ಬರಿಗೆ ಅವಸರ ಆಗೋದಿಲ್ಲ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಹತ್ತು-ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡಬೇಕು. ಅಕ್ಕ ನಡುನಡುವೆ ಏಣಿ ಹತ್ತಿ, ಒಂದು ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಕುಲುಕುಲು ಅಂದರೆ ಒಳಗಿನ್ನೂ ನೀರಿದೆ, ತಿರುಗಿ ರಾಶಿಗೆ. ಲೊಟಲೊಟ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ನಿನ್ನ ಗಾಣ ಶುರುವಾಗಿ ಇನ್ನೂ ಏಳೇ ತಿಂಗಳು. ಈಗಲೇ ಅಲ್ಲಾಡಿಸಿದರೆ ನೀರಿನ ಸದ್ದೇ ಬರೋದು.

ಆದರೆ ಒಂದು ವಿಷಯಕ್ಕೆ ಬೈಯುತ್ತೇನೆ. ಏಳು ತಿಂಗಳಿಂದ ಒಂದು ರೂಪಾಯಿಯೂ ಮನೆಗೆ ತಗೊಂಡಿಲ್ಲ ಅಂದೆಯಲ್ಲ, ಅದು ತಪ್ಪು. ಅಕ್ಕ ಪ್ರತಿ ತಿಂಗಳು ಒಂದನೇ ತಾರೀಕು ಮಂಡಿಯಿಂದ ತನಗೇ ಸಂಬಳ ತಗೊಳ್ಳುತ್ತಿದ್ದಳು, ರಸೀದಿಗೆ ಸಹಿ ಹಾಕಿ! ಅದು ಸಾಸಿವೆ ಡಬ್ಬಿಗೆ. ಮನೆ ನಡೆಯೋದು ಅದರಲ್ಲೇ, ಮಂಡಿ ಪೆಟ್ಟಿಗೆಗೆ ಕೈ ಹಾಕುವಂತಿಲ್ಲ. ಆಗ ನನಗೆ ನಗು ಬರುತ್ತಿತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೂ ಮಾರ್ಕೆಟ್ಟಿನಲ್ಲಿ ಎಂಟು-ಒಂಬತ್ತು ಸಾವಿರಕ್ಕೆ ಕೇಳುವವರಿರಲಿಲ್ಲ. ಎಷ್ಟೋ ಮನೆಗಳಲ್ಲಿ ಒಡವೆ ಗಿರವಿಗೆ ಹೋಯಿತು. ನಮ್ಮಲ್ಲಿ ಹಾಲಿನವನ ಬಾಕಿಯೂ ನಿಲ್ಲಲಿಲ್ಲ. ಆಮೇಲೆ ನಾನು ನಕ್ಕಿಲ್ಲ.

ಮಗು ವಿಚಾರ. ಕಾಯಿ ಒಡೆಯೋಕೆ ಬರುವ ಹೆಂಗಸರ ಮಕ್ಕಳಿಗೆಂದು ಅಕ್ಕ ಹಿಂದಿನ ಜಗಲಿಯಲ್ಲಿ ಹಳೇ ಸೀರೆಯ ಜೋಳಿಗೆ ಕಟ್ಟಿಸಿದ್ದಳು. ನಿನ್ನ ಚಿಕ್ಕಪ್ಪ ಆ ಮಕ್ಕಳ ಜೊತೆ ಅಲ್ಲೇ ಬೆಳೆದ, ಮಚ್ಚಿನ ಸದ್ದು ನಿಂತರೆ ಎಚ್ಚರ ಆಗುತ್ತಿದ್ದ. ಸಹಾಯ ಕೇಳೋಕೆ ಅವಳು ಸಂಕೋಚ ಪಡಲಿಲ್ಲ, ನೀನೂ ಪಡಬೇಡ. ನಿನ್ನ ಗಂಡ ಅಡುಗೆ ಮಾಡ್ತಾನಂತೆ. ಉಪ್ಪು ಜಾಸ್ತಿ ಆದರೂ ಸುಮ್ನೆ ತಿನ್ನು.

ಅಕ್ಕ ಹೋಗಿದ್ದು 2024ರ ಕೊನೆಗೆ. ಅವಳೇ ಅಟ್ಟಕ್ಕೆ ಏರಿಸಿದ್ದ ಕಾಯಿಯನ್ನು ಮುಂದಿನ ವರ್ಷ ನಾನು ಇಳಿಸಿದೆ. ಕೊಬ್ಬರಿ ಕ್ವಿಂಟಾಲಿಗೆ 20,000 ದಾಟಿತ್ತು. ದುಡ್ಡು ಎಣಿಸಿ ಅವಳ ಖಾತೆಗೆ ಬರೆಯುವಾಗ ಅದೇ ಪುಸ್ತಕದಲ್ಲಿ ಅವಳ ಅಕ್ಷರ ಕಂಡಿತು: "ಪುಟ್ಟಿ, ಗಾಣಕ್ಕೆ, ಕೈಸಾಲ 40,000. ಬಡ್ಡಿ ಇಲ್ಲ." ಉಡುಗೊರೆ ಅಂತ ಬರೆದಿಲ್ಲ, ಸಾಲ ಅಂತಲೇ ಬರೆದಿದ್ದಾಳೆ. ಆ ಬಾಕಿ ಇನ್ನೂ ನಿಂತಿದೆ. ನಿನಗೆ ಆದಾಗ ಕೊಡು, ನಾನು ಪುಸ್ತಕ ಮುಚ್ಚೋದಿಲ್ಲ.

ಮುಂದಿನ ವಾರ ಕಾಯಿ ಒಡೆಸುತ್ತೇವೆ. ಮಗು ಕರಕೊಂಡು ಬಾ, ಜೋಳಿಗೆ ಒಗೆಸಿ ಇಟ್ಟಿದ್ದೇನೆ.

ಇತಿ,
ನಿನ್ನ ತಾತ