ಸ್ಟೆಲ್ಲಾಳ ಮೇಲೆ ಯಾವ ಕಾರಣಕ್ಕೆ ಸಿಟ್ಟಾಗಬೇಕು?

ಪ್ರೀತಿಯ ಸುಮಾ,

ನೀನು ಅರ್ಧಕ್ಕೇ ಬಿಟ್ಟ ಬ್ರಿಟ್ ಬೆನೆಟ್ ಅವರ ಕಾದಂಬರಿ ‘ದ ವ್ಯಾನಿಷಿಂಗ್ ಹಾಫ್’ ಅನ್ನು ನಾನು ಪೂರ್ತಿ ಓದಿದೆ. ಕಪ್ಪು ಕುಟುಂಬದಲ್ಲಿ ತಿಳಿ ಬಣ್ಣದವಳಾಗಿ ಹುಟ್ಟಿದ ಸ್ಟೆಲ್ಲಾ ತನ್ನವರನ್ನೆಲ್ಲ ಬಿಟ್ಟು, ಬಿಳಿಯಳು ಅಂತ ಹೇಳಿಕೊಂಡು ಬದುಕಿಬಿಟ್ಟಳು, ಇಂಥವಳ ಕಥೆ ಯಾಕೆ ಓದಬೇಕು ಅಂತ ಬರೆದಿದ್ದೀಯ. ಸಿಟ್ಟು ಬರಲಿ, ತಪ್ಪಿಲ್ಲ. ಆದರೆ ಯಾವುದಕ್ಕೆ ಸಿಟ್ಟು ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡು.

ಅವಳು ಹುಟ್ಟಿದ್ದು ಅಮೆರಿಕದ ದಕ್ಷಿಣದ ಲೂಸಿಯಾನಾ ರಾಜ್ಯದಲ್ಲಿ. ಅಲ್ಲಿ 1892ರಲ್ಲಿ ಹೋಮರ್ ಪ್ಲೆಸ್ಸಿ ಅನ್ನುವವರು ಬಿಳಿಯರ ರೈಲು ಡಬ್ಬಿಯಲ್ಲಿ ಕೂತರು ಅಂತ ಹಿಡಿದು ಕೇಸು ಹಾಕಿದ್ದರು. ಅವರ ಪೂರ್ವಜರಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯರೇ, ಆದರೂ ಕಾನೂನಿನ ಲೆಕ್ಕದಲ್ಲಿ ಅವರು ಕಪ್ಪು. 1896ರಲ್ಲಿ ಸುಪ್ರೀಂ ಕೋರ್ಟು ಕೂಡ ಅವರ ಕೈ ಹಿಡಿಯಲಿಲ್ಲ. ನೋಡಿದರೆ ಗೊತ್ತೇ ಆಗದ ಬಣ್ಣಕ್ಕೂ ಬೇಲಿ ಹಾಕಿದ ನಾಡು ಅದು. ಸ್ಟೆಲ್ಲಾ, ಅವಳ ಅವಳಿ ಅಕ್ಕ ಡೆಸಿರೆ ಇಬ್ಬರೂ ಮಕ್ಕಳಾಗಿದ್ದಾಗ ಬಿಳಿಯರು ಮನೆಗೆ ನುಗ್ಗಿ ಅಪ್ಪನನ್ನು ಎಳೆದುಕೊಂಡು ಹೋಗಿದ್ದನ್ನು ಬಚ್ಚಿಟ್ಟುಕೊಂಡು ನೋಡಿದವರು. ಅದನ್ನು ಕಂಡ ಹುಡುಗಿ ಮುಂದೆ ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ಕೆಲಸಕ್ಕಾಗಿ, ಜನ ಬಿಳಿಯಳು ಅಂದುಕೊಂಡರೆ ಅಂದುಕೊಳ್ಳಲಿ ಅಂತ ಸುಮ್ನಿದ್ದಳು. ಅಷ್ಟಕ್ಕೆ ಅವಳನ್ನು ದೂರಲು ನನಗೆ ಮನಸ್ಸು ಬರಲ್ಲ.

ನನಗೆ ತಡೆಯೋಕೆ ಆಗದೇ ಇದ್ದದ್ದು ಲಾಸ್ ಏಂಜಲೀಸ್‌ನ ಭಾಗ. ಅಷ್ಟು ಹೊತ್ತಿಗೆ ಅವಳಿಗೆ ಗಂಡ, ಮಗಳು, ದೊಡ್ಡ ಮನೆ ಎಲ್ಲ ಇದೆ, ಗುಟ್ಟು ಮಾತ್ರ ಯಾರಿಗೂ ಗೊತ್ತಿಲ್ಲ. ಬಡಾವಣೆಗೆ ಒಂದು ಕಪ್ಪು ಕುಟುಂಬ ಬರುತ್ತದೆ ಅಂದಾಗ, ಅವರನ್ನು ತಡೆಯಲೇಬೇಕು ಅಂತ ಸಭೆಯಲ್ಲಿ ಎದ್ದು ನಿಂತು ಹೇಳುವವಳು ಇವಳೇ. ತನ್ನ ಪುಟ್ಟ ಮಗಳು ಕೆನಡಿ ಆ ಮನೆಯ ಹುಡುಗಿ ಜೊತೆ ಆಡುತ್ತಿದ್ದದ್ದನ್ನು ನೋಡಿ, ಎಳೆದುಕೊಂಡು ಬಂದು, ಇಂಥವರ ಜೊತೆ ಆಡಬಾರದು ಅನ್ನುತ್ತಾಳೆ. ಅದೂ ಕಪ್ಪು ಜನರನ್ನು ಬೈಯುವ ಅದೇ ಕೊಳಕು ಪದದಲ್ಲಿ, ಸುಮಾ! ಆಮೇಲೆ ಆ ಹುಡುಗಿಯ ತಾಯಿ ಲೊರೆಟ್ಟಾ ಜೊತೆ ಸ್ಟೆಲ್ಲಾಳ ಗೆಳೆತನ ಬೆಳೆಯುತ್ತದೆ, ಆದರೆ ಮಗು ಕೇಳಿದ ಪದ ಮರೆತಿರುತ್ತದಾ? ಒಂದು ದಿನ ಆಟದ ಜಗಳದಲ್ಲಿ ಕೆನಡಿ ಅದನ್ನೇ ಆ ಹುಡುಗಿಯ ಮುಖಕ್ಕೆ ಎಸೆಯುತ್ತಾಳೆ. ಗೆಳೆತನ ಅಲ್ಲಿಗೆ ಮುಗಿಯಿತು. ಬದುಕಲು ಸುಳ್ಳು ಹೇಳಿದವಳು ಬೇರೆ, ಆ ಸುಳ್ಳು ಉಳಿಸಿಕೊಳ್ಳಲು ಇನ್ನೊಬ್ಬರ ಮಗುವಿನ ಮೇಲೆ ಕಾಲಿಟ್ಟವಳು ಬೇರೆ. ಸಿಟ್ಟಾಗುವುದಾದರೆ ಈ ಎರಡನೆಯವಳ ಮೇಲೆ ಆಗು.

ಮುಂದೆ ಡೆಸಿರೆಯ ಮಗಳು ಜೂಡ್, ಕೆನಡಿಗೆ ನಿಜ ಹೇಳುತ್ತಾಳೆ. ಮೊದಲ ಸಲ ಹೇಳಿದ್ದು ರೇಗಿ, ಚುಚ್ಚಬೇಕು ಅಂತ. ಅದು ನನಗೆ ಹಿಡಿಸಲಿಲ್ಲ. ಆಮೇಲೆ ಅವಳಿ ಅಕ್ಕತಂಗಿಯರ ಹಳೇ ಫೋಟೋ ತಂದು ಕೈಗೆ ಕೊಡುತ್ತಾಳಲ್ಲ, ಅದು ಸರಿ. ತನಗೆ ಅಜ್ಜಿ ಇದ್ದಾಳೆ, ದೊಡ್ಡಮ್ಮ ಇದ್ದಾಳೆ ಅಂತ ತಿಳಿಯುವ ಹಕ್ಕು ಮಗುವಿನದು, ಅಮ್ಮನ ಭಯ ಎಷ್ಟೇ ದೊಡ್ಡದಿರಲಿ.

ಇದನ್ನೆಲ್ಲ ಇಷ್ಟು ಉದ್ದ ಬರೆದದ್ದು ನಿನ್ನ ಕಾಗದದ ಕೊನೆಯ ಸಾಲಿಗಾಗಿ. ನಿಮ್ಮ ಬಡಾವಣೆಯ ಮೀಟಿಂಗಿನಲ್ಲಿ ಹೊಸದಾಗಿ ಬಂದ ಕಪ್ಪು ಕುಟುಂಬದ ಬಗ್ಗೆ ಯಾರೋ ಹಗುರವಾಗಿ ಮಾತಾಡಿದರು, ನೀವು ಇಬ್ಬರೂ ಸುಮ್ನೆ ಕೂತಿದ್ದಿರಿ, ನಮಗ್ಯಾಕೆ ಅಂತ. ಸುಮಾ, ನಮ್ಮವರಿಗೆ ಅಮೆರಿಕದ ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾನೂನಿನಿಂದ. ಕಪ್ಪು ಜನ ಬೀದಿಗಿಳಿದು, ಪೆಟ್ಟು ತಿಂದು, ಜೈಲಿಗೆ ಹೋಗಿ ಹೋರಾಡಿದ ಕಾಲದಲ್ಲೇ ಅದು ಬಂತು. ಬಣ್ಣ ನೋಡಿ ಮನೆ ಕೊಡಲ್ಲ ಅನ್ನುವಂತಿಲ್ಲ ಅಂತ ದೇಶಕ್ಕೆಲ್ಲ ಕಾನೂನು ಬಂದದ್ದು 1968ರಲ್ಲಿ, ಅದೂ ಅವರು ಗೆದ್ದದ್ದೇ. ನೀವು ಆ ಮನೆ ಕೊಂಡಾಗ ಯಾರೂ ಬೇಡ ಅನ್ನಲಿಲ್ಲ ಅಲ್ವಾ?

ಮುಂದಿನ ಮೀಟಿಂಗಿನಲ್ಲಿ ಆ ಮಾತು ಮತ್ತೆ ಬಂದರೆ ಭಾಷಣ ಏನೂ ಬೇಡ. ಈ ಮಾತು ನನಗೆ ಸರಿ ಕಾಣಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳು, ಸಾಕು. ಅದಕ್ಕೂ ಮೊದಲು ಅವರ ಮನೆಗೆ ಒಮ್ಮೆ ಹೋಗಿ ಬಾ, ಮಗಳನ್ನೂ ಕರೆದುಕೊಂಡು ಹೋಗು. ಉಳಿದರ್ಧ ಪುಸ್ತಕ ಓದಿದ ಮೇಲೆ ಲೊರೆಟ್ಟಾ ಬಗ್ಗೆ ನಿನಗೇನು ಅನ್ನಿಸಿತು, ನನಗೆ ಬರೆ.

ನಿನ್ನ ದೊಡ್ಡಮ್ಮ